ಬೆಚ್ಚಗಿನ ಕೈ

ಸಹೋದರಿಯರೇ, ನಮ್ಮ ಕರಜಗಿಯಲ್ಲಿ ಬೆಳಗಾಗುವುದೇ ಜೋಳದ ರೊಟ್ಟಿ ಬಡಿಯುವ ಸಪ್ಪಳದಿಂದ. ಟೋಕಿಯೋದ ಗಿಂಜಾದಲ್ಲಿ, ನೆಲಮಾಳಿಗೆಯೊಂದರಲ್ಲಿರುವ ‘ಸುಕಿಯಾಬಾಶಿ ಜಿರೋ’ ಹೋಟೆಲನ್ನು ನಾನು ಕಣ್ಣಾರೆ ಕಂಡಿಲ್ಲ. 2011ರಲ್ಲಿ ಬಂದ ಅದರ ಸಾಕ್ಷ್ಯಚಿತ್ರ ನೋಡುವಾಗ ಮಾತ್ರ ಈ ಸಪ್ಪಳವೇ ನೆನಪಾಯಿತು.

ಬರೀ 10 ಆಸನಗಳ ಜಾಗ. 2007ರಲ್ಲಿ ಮಿಶೆಲಿನ್ ಮಾರ್ಗದರ್ಶಿ ಅದಕ್ಕೆ ಮೂರು ನಕ್ಷತ್ರ ಕೊಟ್ಟಿತು. ಅದನ್ನು ಕಟ್ಟಿದ ಜಿರೋ ಓನೋ 1925ರಲ್ಲಿ ಹುಟ್ಟಿ, ಏಳನೆಯ ವಯಸ್ಸಿಗೇ ಮನೆ ಬಿಟ್ಟು ದುಡಿಮೆಗಿಳಿದವರು. ಹುಳಿ ಬೆರೆಸಿದ ಅನ್ನವನ್ನು ಮೈಬಿಸಿಯಷ್ಟೇ ಬೆಚ್ಚಗಿಟ್ಟು, ಅಂಗೈಯಲ್ಲಿ ಒತ್ತಿ, ಮೇಲೊಂದು ಮೀನಿನ ಚೂರಿಟ್ಟು ಒಂದೊಂದಾಗಿ ಬಡಿಸುವುದು, ಅದೇ ಸುಶಿ. ಇಷ್ಟಕ್ಕೆ ಶಿಷ್ಯರು ಹತ್ತು ವರ್ಷ ಕಲಿಯಬೇಕು! ಅಕ್ಟೋಪಸ್ಸನ್ನು ಮೆತ್ತಗಾಗಿಸಲು ಮುಕ್ಕಾಲು ಗಂಟೆ ತಿಕ್ಕುತ್ತಾರೆ. (ಹನಫಿಗಳಾದ ನಮಗೆ ಅದು ಸಲ್ಲದು, ಬಿಡಿ.)

ಮೀನು ಹಲಾಲ್ ತಾನೇ ಎನ್ನುವಿರಿ. ಹೌದು. ಆದರೆ ಜಪಾನೀ ಅಡುಗೆಯಲ್ಲಿ ಬಳಸುವ ‘ಮಿರಿನ್’, ‘ಸಾಕೆ’ ಎರಡೂ ಮದ್ಯವೇ. ಅಲ್ಲಿಗೆ ಹೋದವರು ಕೇಳಿಯೇ ತಿನ್ನಬೇಕು.

ನನ್ನನ್ನು ಕಾಡಿದ್ದು ಬೇರೆ. ಹೆಣ್ಣಿನ ಕೈ ಬೆಚ್ಚಗಿರುತ್ತದೆ, ಸುಶಿಗೆ ಆಗದು ಎಂಬ ಮಾತು ಜಪಾನಿನಲ್ಲಿ ಬಹುಕಾಲ ನಡೆದುಬಂತು. 2010ರಲ್ಲಿ ಮಹಿಳೆಯರೇ ಸುಶಿ ಕಟ್ಟುವ ‘ನಡೆಶಿಕೊ’ ಅದೇ ಟೋಕಿಯೋದಲ್ಲಿ ತೆರೆಯಿತು. ಮನೆಯಲ್ಲಿ ಇದನ್ನು ಹೇಳಿದಾಗ, ಕಾದ ಹಂಚಿನ ಮುಂದೆ ಕೂತವರು ತಮ್ಮ ಅಂಗೈ ನೋಡಿಕೊಂಡು ನಕ್ಕರು.