ಜುಟ್ಟಿಗೆ ಮಲ್ಲಿಗೆ ಸರಿ, ಹೊಟ್ಟೆಗೆ?

‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ಗಾದೆಯನ್ನು ನಮ್ಮ ಹಿರಿಯರು ಕಂಪ್ಯೂಟರ್ ನೋಡಿ ಕಟ್ಟಿದ್ದಲ್ಲ. ಆದರೂ ಆಟದ ಕಂಪ್ಯೂಟರ್ ಜೋಡಿಸಬೇಕೆಂದು ಹುಡುಗರು ಬರೆದು ತರುವ ಪಟ್ಟಿಗಳನ್ನು ನೋಡಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಗಾಜಿನ ಪೆಟ್ಟಿಗೆ, ಬಣ್ಣ ಬದಲಿಸುವ ಫ್ಯಾನುಗಳು ಎಲ್ಲಕ್ಕೂ ಹೆಸರು, ನಂಬರು, ಬೆಲೆ ಇರುತ್ತವೆ. ಕೊನೆಯ ಸಾಲಿನಲ್ಲಿ ಮಾತ್ರ ‘ಎಸ್.ಎಂ.ಪಿ.ಎಸ್. ಯಾವುದಾದರೂ’ ಎಂದಿರುತ್ತದೆ. ಗೋಡೆಯಿಂದ ಬರುವ 230 ವೋಲ್ಟಿನ ಎ.ಸಿ. ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟಿನ ಡಿ.ಸಿ.ಯಾಗಿ ಪರಿವರ್ತಿಸಿ ಇಡೀ ಯಂತ್ರಕ್ಕೆ ಉಣಬಡಿಸುವ ಪವರ್ ಸಪ್ಲೈ ಅದು. ಯಂತ್ರದ ಹೊಟ್ಟೆಪಾಡು ನೋಡಿಕೊಳ್ಳುವ ಈ ಡಬ್ಬಿಯ ಬಗ್ಗೆ ಯಾರಿಗೂ ಚಿಂತೆ ಇಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥದೇ ಪಟ್ಟಿ ಹಿಡಿದು ತಂದೆಯೊಡನೆ ಮನೆಗೆ ಬಂದಿದ್ದ. ತೊಂಡೇಬಾವಿಯಲ್ಲಿ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವ ಮೊದಲು ಮೇಷ್ಟರನ್ನು ಒಂದು ಮಾತು ಕೇಳೋಣವೆಂದು ತಂದೆಯೇ ಎಳೆದು ತಂದಿದ್ದರು. ಮುಸುಕಿನ ಜೋಳ ಮಾರಿ ಎತ್ತಿಟ್ಟ ಹಣ ಅದು. “ಆಟಕ್ಕೆ ಇಷ್ಟು ದುಡ್ಡು ಸುರೀಬೇಕಾ ಸಾರ್?” ಎಂಬುದು ಅವರ ಪ್ರಶ್ನೆ. “ನಾನು ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಬೇಕು ಸಾರ್” ಎಂಬುದು ಮಗನ ಉತ್ಸಾಹ. ಓವರ್‌ಕ್ಲಾಕ್ ಎಂದರೆ ತಯಾರಕರು ನಿಗದಿಪಡಿಸಿದ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಪ್ರೊಸೆಸರನ್ನು ಓಡಿಸುವುದು. ಇಬ್ಬರನ್ನೂ ಕೂರಿಸಿ ಕಾಗದ, ಪೆನ್ಸಿಲ್ ತೆಗೆದೆ.

ಹುಡುಗ ಆರಿಸಿದ್ದ ಇಂಟೆಲ್ ಐ5-12600ಕೆ ಪ್ರೊಸೆಸರಿನ ಗರಿಷ್ಠ ಬಳಕೆ 150 ವ್ಯಾಟ್. ವೇಗವನ್ನು ಶೇಕಡಾ 10 ಹೆಚ್ಚಿಸಿದರೆ ವಿದ್ಯುತ್ ಬಳಕೆಯೂ ಶೇಕಡಾ 10 ಹೆಚ್ಚಬಹುದೆಂದು ಅವನ ಊಹೆ. ಆದರೆ ಹೆಚ್ಚಿನ ವೇಗದಲ್ಲಿ ಚಿಪ್ ತಪ್ಪದೆ ಲೆಕ್ಕ ಮಾಡಬೇಕಾದರೆ ಸಾಮಾನ್ಯವಾಗಿ ಅದರ ವೋಲ್ಟೇಜನ್ನೂ ಏರಿಸಬೇಕು. ಚಿಪ್ ನುಂಗುವ ಶಕ್ತಿ ವೇಗಕ್ಕೆ ಅನುಪಾತದಲ್ಲಿ ಏರಿದರೆ, ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. ಎರಡನ್ನೂ ಶೇಕಡಾ 10 ಏರಿಸಿದಿರಿ ಎನ್ನಿ. 1.1ನ್ನು 1.1ರ ವರ್ಗದಿಂದ ಗುಣಿಸಿ, 1.33 ಬರುತ್ತದೆ. ಹತ್ತರಷ್ಟು ವೇಗಕ್ಕೆ ಮೂವತ್ತಮೂರರಷ್ಟು ಮೇವು! 150 ವ್ಯಾಟ್ 200 ಆಯಿತು. ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡಿನ 170 ವ್ಯಾಟನ್ನು ಅದೇ ಹುಮ್ಮಸ್ಸಿನಲ್ಲಿ ಸ್ವಲ್ಪ ಏರಿಸಿದರೆ 190. ಉಳಿದ ಭಾಗಗಳಿಗೆ 60. ಒಟ್ಟು 450 ವ್ಯಾಟ್.

“ಹಾಗಾದರೆ 450ರದ್ದೇ ಸಾಕಲ್ಲ ಸಾರ್?” ಎಂದ ಹುಡುಗ. ಉತ್ತರ ಕೊಟ್ಟವರು ತಂದೆ. “ಮೋಟಾರು ಓಡುವಾಗ ಎಳೆಯೋದೇ ಬೇರೆ, ಸ್ಟಾರ್ಟ್ ಆಗುವಾಗ ಎಳೆಯೋದೇ ಬೇರೆ ಕಣೋ. ಲೆಕ್ಕಕ್ಕೆ ಸರಿಯಾಗಿ ವೈರು ಹಾಕಿದರೆ ಸುಟ್ಟು ಹೋಗುತ್ತೆ.” ಕಾರಣ ಬೇರೆಯಾದರೂ ಮಾತು ನೂರಕ್ಕೆ ನೂರು ಸರಿ. ಗ್ರಾಫಿಕ್ಸ್ ಕಾರ್ಡ್ ಕೂಡ ಸೆಕೆಂಡಿನ ಸಾವಿರದ ಕೆಲವು ಭಾಗಗಳ ಕಾಲ ತನ್ನ ಸರಾಸರಿಯನ್ನು ಬಹಳ ಮೀರಿ ಎಳೆಯುತ್ತದೆ. ಆದ್ದರಿಂದ 650 ವ್ಯಾಟ್ ಎಂದು ಬರೆದುಕೊಂಡೆವು. ಮಗ ತಂದೆಯ ಮುಖವನ್ನು ಹೊಸದಾಗಿ ನೋಡುವವನಂತೆ ನೋಡಿದ.

ಡಬ್ಬಿಯ ಮೇಲೆ 650 ಎಂದು ಬರೆದಿದ್ದರೆ ಸಾಲದು. ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿ ಎಂದು ಜೀವನವಿಡೀ ಹೇಳಿದ ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯನವರು (1920–2005) ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಅವರ ಊರಿನ ಪಕ್ಕದವರಾದ ನಾವು ಒಂದು ಲೇಬಲನ್ನಾದರೂ ಪ್ರಶ್ನಿಸಬೇಡವೇ? ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಉಣ್ಣುವುದು 12 ವೋಲ್ಟಿನ ಸಾಲಿನಿಂದ. ಆ ಸಾಲಿನ ಎದುರು 54 ಆಂಪೇರ್ ಎಂದಿದ್ದರೆ 12ರಿಂದ ಗುಣಿಸಿ: 648 ವ್ಯಾಟ್, ಲೆಕ್ಕ ಸರಿ. ದೊಡ್ಡ ಅಕ್ಷರದಲ್ಲಿ 500 ಎಂದಿದ್ದು, 12 ವೋಲ್ಟಿನಲ್ಲಿ 18 ಆಂಪೇರ್ ಮಾತ್ರ ಇದ್ದರೆ ನಿಮ್ಮ ಕೈಗೆ ಸಿಗುವುದು 216 ವ್ಯಾಟ್. ಇದು ಏಳನೇ ತರಗತಿಯ ಗುಣಾಕಾರ. ಜೊತೆಗೆ ಅಧಿಕ ವೋಲ್ಟೇಜ್, ಅಧಿಕ ಪ್ರವಾಹ, ಶಾರ್ಟ್ ಸರ್ಕ್ಯೂಟ್ ಇವುಗಳಿಂದ ರಕ್ಷಣೆ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಅಗ್ಗದ ಡಬ್ಬಿ ಸಾಯುವಾಗ ದುಬಾರಿ ಭಾಗಗಳನ್ನೂ ಜೊತೆಗೆ ಕರೆದೊಯ್ಯಬಹುದು.

ಪೋಷಕರು ಗಮನಿಸಬೇಕಾದ್ದು ದಕ್ಷತೆ. 2004ರಲ್ಲಿ ಆರಂಭವಾದ ‘80 ಪ್ಲಸ್’ ಎಂಬ ಪ್ರಮಾಣಪತ್ರದಲ್ಲಿ ಬ್ರಾಂಜ್, ಗೋಲ್ಡ್ ಮುಂತಾದ ದರ್ಜೆಗಳಿವೆ. ಶೇಕಡಾ 90 ದಕ್ಷತೆಯ ಡಬ್ಬಿ 450 ವ್ಯಾಟ್ ಕೊಡಲು ಗೋಡೆಯಿಂದ 500 ವ್ಯಾಟ್ ಎಳೆದರೆ, ಶೇಕಡಾ 75 ದಕ್ಷತೆಯದು 600 ಎಳೆಯುತ್ತದೆ. ಹೆಚ್ಚಿನ ನೂರು ವ್ಯಾಟ್ ಬರೀ ಬಿಸಿಯಾಗಿ ಹೋಗುತ್ತದೆ. ದಿನಕ್ಕೆ ನಾಲ್ಕು ಗಂಟೆ ಪೂರ್ಣ ಹೊರೆಯಲ್ಲಿ ಆಡಿದರೆ ತಿಂಗಳಿಗೆ 60 ಯೂನಿಟ್ ಎಲ್ಲಿ, 72 ಯೂನಿಟ್ ಎಲ್ಲಿ! 2023ರಲ್ಲಿ ಬಂದ ಗೃಹಜ್ಯೋತಿಯ ಗರಿಷ್ಠ ಮಿತಿಯೇ 200 ಯೂನಿಟ್ ಎಂಬುದನ್ನು ನೆನೆದರೆ, ನಾಲ್ಕು ಗಂಟೆ ಆಡಬೇಕೇ ಎಂಬ ಪ್ರಶ್ನೆಗೂ ಅಲ್ಲೇ ಉತ್ತರವಿದೆ.

ಇನ್ನು ನಮ್ಮ ಊರುಗಳ ಮಾತು. ಪಂಪ್‌ಸೆಟ್ಟುಗಳು ಓಡುವಾಗ ವೋಲ್ಟೇಜ್ ಇಳಿಯುವುದು ನಮಗೆ ಹೊಸದಲ್ಲ. 100ರಿಂದ 240 ವೋಲ್ಟ್‌ವರೆಗೆ ತಾನಾಗಿಯೇ ಹೊಂದಿಕೊಳ್ಳುವ ಪವರ್ ಸಪ್ಲೈ ಇಂಥ ಇಳಿತವನ್ನು ತಾಳಿಕೊಳ್ಳುತ್ತದೆ. ಸಾಮಾನ್ಯವಾಗಿ ಮನೆಗೆ ತರುವ 600 ವಿ.ಎ. ಯು.ಪಿ.ಎಸ್. ಕೊಡುವುದು ಸುಮಾರು 360 ವ್ಯಾಟ್. 500 ಎಳೆಯುವ ಯಂತ್ರಕ್ಕೆ ಅದು ಆಸರೆಯಲ್ಲ.

ಕಂಪ್ಯೂಟರಿನ ಲೋಹದ ಪೆಟ್ಟಿಗೆ ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಅರ್ಥಿಂಗ್ ಇಲ್ಲದಿರಬಹುದು. ಪವರ್ ಸಪ್ಲೈ ಒಳಗಿನ ಶೋಧಕ ಕೆಪಾಸಿಟರುಗಳು ಅಲ್ಪ ಪ್ರವಾಹವನ್ನು ಭೂಮಿಗೆ ಬಿಡುವಂತೆ ರಚಿತವಾಗಿವೆ. ಭೂಮಿಯ ದಾರಿ ಕಡಿದಿದ್ದರೆ ಪೆಟ್ಟಿಗೆ ಸುಮಾರು 115 ವೋಲ್ಟಿನಲ್ಲಿ ನಿಲ್ಲುತ್ತದೆ. ನಮ್ಮ ಬಯಲುಸೀಮೆಯಲ್ಲಿ ಬೇಸಿಗೆಯ ಮಣ್ಣು ಒಣಗಿದಾಗ ಅದರ ರೋಧ ಏರುತ್ತದೆ. ಉಪ್ಪು, ಇದ್ದಿಲು ತುಂಬಿದ ಅರ್ಥ್ ಗುಂಡಿಗೆ ಹಿರಿಯರು ನೀರು ಹೊಯ್ಯುತ್ತಿದ್ದುದು ಇದೇ ಕಾರಣಕ್ಕೆ.

ಆದ್ದರಿಂದ ಹಣ ಖರ್ಚು ಮಾಡುವ ಕ್ರಮ ಹೀಗಿರಲಿ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷಿಸಿ. ಆಮೇಲೆ ಲೆಕ್ಕ ಹಾಕಿ ಒಳ್ಳೆಯ ಪವರ್ ಸಪ್ಲೈ ಕೊಳ್ಳಿ. ಪ್ರೊಸೆಸರ್ ಹಳತಾದ ಮೇಲೂ ಅದು ಮುಂದಿನ ಯಂತ್ರಕ್ಕೆ ಆದೀತು. ಉಳಿದ ಹಣದಲ್ಲಿ ವೇಗ. ಅದಾದ ಮೇಲೂ ಮಿಕ್ಕಿದರೆ ಗಾಜು, ಬಣ್ಣದ ದೀಪ, ಏನು ಬೇಕಾದರೂ ಮುಡಿಸಿ.