ಹಾನಗಲ್ಲಿನ ಕಾಲುವೆಯಲ್ಲಿ

ಸವಣೂರಿನ ವೀಳ್ಯದೆಲೆಯನ್ನು ಮೆಲ್ಲುತ್ತ, ಶಿಗ್ಗಾಂವಿಯನ್ನು ಹಾದು, ಆಷಾಢದ ತುಂತುರಿನಲ್ಲಿ ನಾವು ಹಾನಗಲ್ಲನ್ನು ಸೇರಿದೆವು. ಅಡಿಕೆಯ ತೋಟವೊಂದರಲ್ಲಿ ಕೊಳೆರೋಗಕ್ಕೆ ಮದ್ದಾಗಿ ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಿದ್ದರು. ಗೊನೆಗಳಿಂದ ತೊಟ್ಟಿಕ್ಕಿದ ನೀಲಿ ನೀರು ಕಾಲುವೆಗೆ ಇಳಿಯುತ್ತಿತ್ತು. ಅಲ್ಲಿಯೇ ಕಪ್ಪೆಯ ಮೊಟ್ಟೆಗಳು, ನೆನೆಸಿದ ಕಾಮಕಸ್ತೂರಿಯ ಬೀಜದಂತೆ, ಲೋಳೆಯಲ್ಲಿ ತೇಲುತ್ತಿದ್ದವು. ಕೋಳಿಯ ಮೊಟ್ಟೆಗಿರುವಂತೆ ಇವಕ್ಕೆ ಚಿಪ್ಪಿಲ್ಲ; ನೀರಿನಲ್ಲಿ ಕರಗಿದ ತಾಮ್ರವು ಒಳಗಿನ ಭ್ರೂಣವನ್ನು ಮುಟ್ಟಬಲ್ಲದು. ಪ್ರಮಾಣ ಮೀರಿದರೆ ಭ್ರೂಣವು ಸಾಯುವುದು, ಇಲ್ಲವೆ ಬಾಲ ಡೊಂಕಾದ ಗೊದಮೊಟ್ಟೆಯು ಹೊರಬೀಳುವುದು. ಅಡಿಕೆಯ ಮದ್ದೂ ಕಪ್ಪೆಯ ಮೊಟ್ಟೆಯೂ ಒಂದೇ ಮಳೆಗೆ ಬರುವುದೇ ಸಂಕಟ! ತೋಟದವರ ಮೇಲೆ ನಮಗೆ ಮುನಿಸಿಲ್ಲ. ಕಾಯಿ ಉದುರಿದರೆ ಅವರ ವರುಷವೇ ಹೋಯಿತು. ಪಂಪು ತೊಳೆದ ನೀರನ್ನಾದರೂ ಕಾಲುವೆಗೆ ಚೆಲ್ಲಬಾರದೆಂದು ಬಿನ್ನವಿಸಿದೆವು. ಯಜಮಾನರು ನಕ್ಕು, ನಮ್ಮ ಕೈಗೆ ಎಳನೀರನ್ನಿತ್ತರು. ಆ ರಾತ್ರಿ ಹಿರೇಕೆರೂರಿನ ಕೆರೆಯ ದಂಡೆಯಲ್ಲಿ ಕಪ್ಪೆಗಳು ಬೆಳಗಿನವರೆಗೂ ವಟಗುಟ್ಟಿದವು; ನಮಗೆ ನಿದ್ದೆ ಬರಲಿಲ್ಲ.