ಏಳು ಪಿನ್ನು, ಮೂರು ಹನುಮಪ್ಪ

ರಜೆಗೆ ರಾಣೆಬೆನ್ನೂರಿಗೆ ಹೋದಾಗ ಅವ್ವನನ್ನು ಒಂದು ದಿನ ಕಾರಲ್ಲಿ ಸುತ್ತಾಡಿಸೋಣ ಅಂತ ಮ್ಯಾಪ್‌ನಲ್ಲಿ ಏಳು ಪಿನ್ ಹಾಕಿದ್ದೆ. ಕೃಷ್ಣಮೃಗ ಅಭಯಾರಣ್ಯ, ಚೌಡದಾನಪುರದ ಮುಕ್ತೇಶ್ವರ, ಕಾಗಿನೆಲೆ, ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟು... ಅವ್ವ ಫೋನ್ ನೋಡಿ, "ಇಷ್ಟು ಸಲ ಹತ್ತಿ ಇಳಿಯಾಕ ನನ್ನ ಮೊಣಕಾಲು ಕೇಳಬೇಕಲ್ಲಪಾ?" ಅಂದಳು.

ಅವಳ ಪಟ್ಟಿಯಲ್ಲಿ ಇದ್ದದ್ದು ಮೂರೇ: ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ. ಮೂವರೂ ಹನುಮಪ್ಪನೇ. ಒಂದೇ ದಿನ ಮೂವರ ದರ್ಶನ ಆದರೆ ಪುಣ್ಯ ಅನ್ನೋದು ನಮ್ಮ ಕಡೆ ನಂಬಿಕೆ. ಹಿಂದೊಮ್ಮೆ ಅಪ್ಪನ ಜೊತೆ ಬಸ್ಸಿನಲ್ಲಿ ಹೊರಟಿದ್ದಳಂತೆ. ಎರಡು ಮುಗಿಯುವಷ್ಟರಲ್ಲಿ ಸಂಜೆಯಾಗಿ, ಶಿಕಾರಿಪುರ ಉಳಿದುಬಿಟ್ಟಿತ್ತು. ಈಗ ಅಪ್ಪ ಇಲ್ಲ.

ಏಳೂ ಪಿನ್ ತೆಗೆದೆ.

ಬೆಳಿಗ್ಗೆ ಬೇಗ ಕದರಮಂಡಲಗಿ ತಲುಪಿದೆವು. ಕನಕದಾಸರು 'ಮೋಹನತರಂಗಿಣಿ' ಬರೆದದ್ದು ಈ ಗುಡಿಯಲ್ಲೇ ಅಂತ ಪ್ರತೀತಿ. ಶ್ರಾವಣ ಶನಿವಾರವಾದರೆ ಇಲ್ಲಿ ಕಾಲಿಡೋಕೆ ಜಾಗ ಇರಲ್ಲ. ಅವತ್ತು ಮಾಮೂಲಿ ದಿನ. ಅವ್ವ ಕಾಂತೇಶನ ಮುಂದೆ ಕೈಮುಗಿದು, ಆಮೇಲೆ ಕಟ್ಟೆ ಮೇಲೆ ಅರ್ಧ ಗಂಟೆ ಸುಮ್ಮನೆ ಕೂತಳು. ನಾನೂ ಗಡಿಯಾರ ನೋಡಲಿಲ್ಲ.

ಹೊತ್ತು ಮುಳುಗೋ ಮುಂಚೆ ಶಿಕಾರಿಪುರದಲ್ಲಿದ್ದೆವು. ಅವ್ವ ಎರಡು ಕಾಯಿ ಒಡೆಸಿದಳು. ಎರಡನೇದು ಯಾರದು ಅಂತ ನಾನು ಕೇಳಲಿಲ್ಲ.

ಹಿರಿಯರ ಜೊತೆ ಹೊರಡೋರು ಪಿನ್ ಹಾಕೋ ಮೊದಲು ಒಂದು ಮಾತು ಕೇಳಿ: ನೋಡೋದು ಯಾವುದು ಉಳಿದಿದೆ?